ಜನ ಇಲ್ಲದ ಸೀಸನ್ನಿನಲ್ಲಿ ಪುಟ್ಟ ಮಕ್ಕಳ ಜೊತೆ ಥೀಮ್ ಪಾರ್ಕ್: ನನ್ನ ಅನುಭವ

ಮೊದಲ ಸಲ ನಾವು ಥೀಮ್ ಪಾರ್ಕಿಗೆ ಹೋದದ್ದು ಶಾಲೆಗಳಿಗೆಲ್ಲ ರಜೆ ಇದ್ದಾಗ. ಒಂಬತ್ತು ಗಂಟೆ ಒಳಗಿದ್ದೆವು, ಹತ್ತಿದ್ದು ನಾಲ್ಕೇ ನಾಲ್ಕು ರೈಡ್. ಉಳಿದ ಹೊತ್ತೆಲ್ಲ ಸಾಲಿನಲ್ಲಿ. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತಿದ್ದ ನನ್ನ ಗಂಡನಿಗೆ ಮಾರನೇ ದಿನ ಕತ್ತು ತಿರುಗಿಸೋಕೆ ಆಗಲಿಲ್ಲ. ಇನ್ನು ಈ ಸುದ್ದಿಯೇ ಬೇಡ ಅಂದುಕೊಂಡಿದ್ದೆವು.

ಎರಡನೇ ಸಲ ಹೋದದ್ದು ಆಫ್ ಸೀಸನ್‌ನಲ್ಲಿ. ಆಗ ಮಗಳಿಗೆ ಐದು, ಮಗನಿಗೆ ಎರಡೂವರೆ. ಜೊತೆಗೆ ಅತ್ತೆ. ಇದು ಆ ಟ್ರಿಪ್ಪಿನ ಕಥೆ. ಎಲ್ಲ ಸರಿಯಾಗಿ ಮಾಡಿದೆವು ಅಂತ ಹೇಳೋಕೆ ಬರೆಯುತ್ತಿಲ್ಲ, ಸುಮಾರು ಕಡೆ ಎಡವಿದ್ದೇವೆ.

ಮೊದಲು ತಿಳಿದುಕೊಂಡ ವಿಷಯ: ಆಫ್ ಸೀಸನ್ ಅಂದರೆ ಇಂಥ ತಿಂಗಳು ಅಂತ ಇಲ್ಲ. ನಾನು ಮೊದಲು ನಮ್ಮ ಶಾಲೆಯ ಕ್ಯಾಲೆಂಡರ್ ಇಟ್ಟುಕೊಂಡು ಲೆಕ್ಕ ಹಾಕುತ್ತಿದ್ದೆ. ಅದು ತಪ್ಪು. ನೋಡಬೇಕಾದ್ದು ಪಾರ್ಕ್ ಇರುವ ಊರಿನ ಶಾಲೆಗಳ ರಜೆ, ಅಲ್ಲಿನ ದೊಡ್ಡ ರಜಾದಿನಗಳು. ಜಪಾನಿನಲ್ಲಿ ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗೆ ಗೋಲ್ಡನ್ ವೀಕ್, ಆ ದಿನಗಳಲ್ಲಿ ಟೋಕಿಯೊ ಡಿಸ್ನಿಲ್ಯಾಂಡಿಗೆ ಹೋಗಿ ಖಾಲಿ ಇರುತ್ತೆ ಅಂದುಕೊಂಡರೆ ಕೆಟ್ಟಿರಿ. ಫ್ಲೋರಿಡಾದ ಡಿಸ್ನಿ ವರ್ಲ್ಡ್‌ನಲ್ಲಿ ಹೊಸ ವರ್ಷದ ಗದ್ದಲ ಮುಗಿದ ಮೇಲಿನ ಜನವರಿ ಅಂದರೆ ಆರಾಮ ಅಂತ ಹೇಳುತ್ತಾರೆ, ಆದರೆ ಅಲ್ಲಿನ ಮ್ಯಾರಥಾನ್ ಓಟವೂ ಅದೇ ಜನವರಿಯಲ್ಲೇ ನಡೆಯೋದು. ಹಾಗಾಗಿ ತಿಂಗಳು ನೋಡಿದರೆ ಸಾಲದು, ವಾರ ನೋಡಬೇಕು. ನನಗೆ ಕೈಹಿಡಿದ ಲೆಕ್ಕ ಇಷ್ಟೇ: ದೊಡ್ಡ ರಜೆ ಮುಗಿದು ಶಾಲೆ ಶುರುವಾದ ಎರಡು ಮೂರು ವಾರದೊಳಗೆ, ಮಂಗಳವಾರದಿಂದ ಗುರುವಾರದವರೆಗೆ. ಮಕ್ಕಳು ದೊಡ್ಡ ಶಾಲೆಗೆ ಸೇರುವ ಮುಂಚೆ ಮಾತ್ರ ಸಿಗುವ ಸವಲತ್ತು ಇದು. ಆಮೇಲೆ ಹಾಜರಾತಿ, ಪರೀಕ್ಷೆ ಅಂತ ಕೈಕಾಲು ಕಟ್ಟಿಹೋಗುತ್ತೆ.

ಇನ್ನೊಂದು, ಪಾರ್ಕ್ ತೆರೆದಿರುತ್ತಾ ಅಂತಲೇ ಮೊದಲು ನೋಡಿ. ನಗಬೇಡಿ. ಚಳಿ ಪ್ರದೇಶಗಳಲ್ಲಿ ಎಷ್ಟೋ ಪಾರ್ಕ್‌ಗಳು ಚಳಿಗಾಲದಲ್ಲಿ ವಾರಗಟ್ಟಲೆ ಬಾಗಿಲು ಹಾಕಿರುತ್ತವೆ, ಜರ್ಮನಿಯ ಯೂರೋಪಾ ಪಾರ್ಕ್ ಕೂಡ ಹಾಗೇ. ನೆದರ್‌ಲ್ಯಾಂಡ್ಸ್‌ನ ಎಫ್ಟೆಲಿಂಗ್ ಮಾತ್ರ 2010ರಿಂದ ವರ್ಷಪೂರ್ತಿ ತೆರೆದಿರುತ್ತದೆ. ಇನ್ನು ಕೆಲವು ಪಾರ್ಕ್‌ಗಳು ಆಫ್ ಸೀಸನ್‌ನಲ್ಲಿ ಶನಿವಾರ ಭಾನುವಾರ ಮಾತ್ರ ತೆರೆಯುತ್ತವೆ, ಆಗ ಇರುವಷ್ಟು ಜನ ಆ ಎರಡು ದಿನಕ್ಕೇ ಬಂದು ಬೀಳುತ್ತಾರೆ.

ಈಗ ನಮ್ಮ ದೊಡ್ಡ ಎಡವಟ್ಟಿಗೆ ಬರೋಣ. ಟಿಕೆಟ್ ತೆಗೆದಿದ್ದಾಯಿತು, ರೂಮ್ ಬುಕ್ ಮಾಡಿದ್ದಾಯಿತು, ಮಗಳಿಗೆ ಒಂದು ತಿಂಗಳು ಮುಂಚಿನಿಂದ ದೋಣಿ ರೈಡಿನ ವಿಡಿಯೋ ತೋರಿಸಿದ್ದಾಯಿತು. ಅವಳು ದಿನಾ ರಾತ್ರಿ ಮಲಗುವಾಗ "ನಾನು ಮುಂದಿನ ಸೀಟು" ಅಂತ ಬುಕ್ ಬೇರೆ ಮಾಡಿಕೊಂಡಿದ್ದಳು. ಹೋಗಿ ನೋಡಿದರೆ ಸುತ್ತ ಬೇಲಿ ಹಾಕಿ ಟಾರ್ಪಾಲು ಮುಚ್ಚಿದ್ದಾರೆ. ರಿಪೇರಿ. ಮಗಳು ಸ್ವಲ್ಪ ಹೊತ್ತು ನೋಡಿ, "ಅಮ್ಮಾ, ಇದಕ್ಕೆ ಜ್ವರ ಬಂದಿದೆಯಾ?" ಅಂದಳು. ಹೌದು ಕಂದಾ, ಡಾಕ್ಟರ್ ಒಳಗಿದ್ದಾರೆ ಅಂದೆ. ಅವಳಿಗೆ ಅಳು ಬರಲಿಲ್ಲ, ನನಗೇ ಬರೋ ಹಾಗಿತ್ತು.

ತಪ್ಪು ನನ್ನದೇ. ರೈಡ್‌ಗಳನ್ನು ಬಿಚ್ಚಿ, ತೊಳೆದು, ಬಣ್ಣ ಹೊಡೆಯೋಕೆ ಪಾರ್ಕಿನವರಿಗೆ ಸಿಗುವುದೇ ಜನ ಕಡಿಮೆ ಇರುವ ದಿನಗಳು. ಅದರಲ್ಲೂ ನೀರಿನ ರೈಡ್‌ಗಳಿಗೆ ಚಳಿಗಾಲವೇ ರಿಪೇರಿ ಕಾಲ. ದೊಡ್ಡ ಪಾರ್ಕ್‌ಗಳು ಯಾವ ರೈಡ್ ಯಾವ ತಾರೀಖಿನಿಂದ ಬಂದ್ ಅಂತ ತಮ್ಮ ವೆಬ್‌ಸೈಟಿನಲ್ಲಿ ಮುಂಚೆಯೇ ಹಾಕಿರುತ್ತವೆ. ನಾನು ನೋಡಿರಲಿಲ್ಲ ಅಷ್ಟೇ. ಈಗ ನಾನು ಮಾಡೋದು ಉಲ್ಟಾ: ಮೊದಲು ಬಂದ್ ಪಟ್ಟಿ ನೋಡುತ್ತೇನೆ, ಆಮೇಲೆ ತಾರೀಖು, ಆಮೇಲೆ ಟಿಕೆಟ್. ಮಕ್ಕಳಿಗೆ ವಿಡಿಯೋ ತೋರಿಸೋದು ಎಲ್ಲಕ್ಕಿಂತ ಕೊನೆಗೆ, ಅದೂ ಒಂದೇ ರೈಡಿನದಲ್ಲ, ನಾಲ್ಕೈದರದ್ದು. ಒಂದಕ್ಕೆ ಜ್ವರ ಬಂದರೂ ಇನ್ನೊಂದು ಇರಲಿ ಅಂತ.

ಎರಡನೇ ಆಶ್ಚರ್ಯ ಸಾಲಿನದು. ಪುಟ್ಟ ರೋಲರ್ ಕೋಸ್ಟರ್ ಒಂದರ ಮುಂದೆ ಅರವತ್ತು ಜನ ಇದ್ದಿರಬಹುದು, ಅಷ್ಟೇ. ಐದು ನಿಮಿಷದ ಕೆಲಸ ಅಂತ ನಿಂತೆವು. ಇಪ್ಪತ್ತೈದು ನಿಮಿಷ ಹಿಡಿಯಿತು. ಯಾಕೆ ಅಂತ ನಿಂತಲ್ಲೇ ಗೊತ್ತಾಯಿತು, ಹಳಿಯ ಮೇಲೆ ಒಂದೇ ಒಂದು ಟ್ರೇನ್ ಓಡುತ್ತಿತ್ತು, ಹನ್ನೆರಡು ಸೀಟಿನದು. ಅದು ಹೋಗಿ, ಬಂದು, ಜನ ಇಳಿದು, ಬೇರೆಯವರು ಹತ್ತಿ, ಬೆಲ್ಟ್ ಎಲ್ಲ ನೋಡಿ ಬಿಡೋವರೆಗೆ ಉಳಿದವರು ಕಾಯಬೇಕು. ಸೀಸನ್ನಿನಲ್ಲಿ ಎರಡು ಮೂರು ಟ್ರೇನ್ ಬಿಡುವ ಕಡೆ ಆಫ್ ಸೀಸನ್‌ನಲ್ಲಿ ಒಂದೇ ಬಿಡುತ್ತಾರೆ, ಸಿಬ್ಬಂದಿಯೂ ಕಡಿಮೆ. ಹಾಗಾಗಿ ಸಾಲಿನ ಉದ್ದ ನೋಡಿ ಮೋಸ ಹೋಗಬೇಡಿ, ಎಷ್ಟು ಹೊತ್ತಿಗೊಂದು ಗಾಡಿ ಹೊರಡುತ್ತೆ ಅಂತ ಎರಡು ಸುತ್ತು ನೋಡಿ ಆಮೇಲೆ ನಿಲ್ಲಿ. ನಮ್ಮ ಮನೆಯ ಮಿತಿ ಹದಿನೈದು ನಿಮಿಷ. ಅದರ ಮೇಲೆ ಮಗ ನೆಲದ ಮೇಲೆ ಮಲಗಿಬಿಡುತ್ತಾನೆ, ನಿಜವಾಗಲೂ ಮಲಗಿಬಿಡುತ್ತಾನೆ.

ತಿನ್ನುವ ಅಂಗಡಿಗಳದೂ ಇದೇ ಕಥೆ. ಅರ್ಧಕ್ಕರ್ಧ ಶಟರ್ ಎಳೆದಿರುತ್ತವೆ, ತೆರೆದಿರುವ ಒಂದೆರಡರ ಮುಂದೆ ಇಡೀ ಪಾರ್ಕಿನ ಜನ ನಿಂತಿರುತ್ತಾರೆ. ಹನ್ನೊಂದೂವರೆಗೇ ಊಟ ಮುಗಿಸಿದರೆ ಗೆದ್ದಿರಿ. ಒಳಗೆ ಏನು ತರೋಕೆ ಬಿಡುತ್ತಾರೆ ಅಂತ ಮುಂಚೆ ನೋಡಿಕೊಂಡು ಒಂದು ಡಬ್ಬಿ ತಿಂಡಿ ಕೈಯಲ್ಲಿ ಇಟ್ಟುಕೊಳ್ಳೋದು ಬೇರೆ ಮಾತು, ಅದನ್ನು ಮಕ್ಕಳಿರುವವರಿಗೆ ಹೇಳಿಕೊಡಬೇಕಿಲ್ಲ.

ಮೊದಲ ದಿನ ಬೆಳಿಗ್ಗೆ ಹತ್ತೂವರೆಗೆ ಇದ್ದಕ್ಕಿದ್ದ ಹಾಗೆ ಎಲ್ಲಿಂದಲೋ ಇನ್ನೂರು ಮಕ್ಕಳು ಬಂದರು. ಎಲ್ಲರಿಗೂ ಒಂದೇ ಬಣ್ಣದ ಟೋಪಿ. ಶಾಲೆಯ ಪ್ರವಾಸ! ವಾರದ ಮಧ್ಯದ ದಿನ ಪಾರ್ಕ್ ಖಾಲಿ ಅನ್ನೋದು ನಿಜ, ಆದರೆ ಶಾಲೆಗಳಿಗೂ ಅದೇ ದಿನ ಬೇಕು ಅಲ್ವಾ. ನನಗೆ ಹೊಟ್ಟೆಯುರಿಯಿತು. ಆದರೆ ಅತ್ತೆ ಬೆಂಚಿನ ಮೇಲೆ ಕೂತು ಗಮನಿಸಿ ಹೇಳಿದರು: "ಬಸ್ಸಿನಲ್ಲಿ ಬಂದವರು ಬಸ್ಸಿನಲ್ಲೇ ಹೋಗಬೇಕು ಕಣಮ್ಮಾ, ಮೂರು ಗಂಟೆ ಮೇಲೆ ಇರಲ್ಲ ನೋಡು." ಹಾಗೇ ಆಯಿತು. ಎರಡೂಮುಕ್ಕಾಲಿಗೆ ಟೋಪಿಗಳೆಲ್ಲ ಗೇಟಿನ ಕಡೆ ಹೊರಟವು. ಮತ್ತೆ ಆ ದೊಡ್ಡ ಮಕ್ಕಳು ಓಡೋದು ದೊಡ್ಡ ಕೋಸ್ಟರುಗಳ ಕಡೆಗೆ, ಪುಟಾಣಿಗಳ ರೈಡ್ ಇರುವ ಮೂಲೆಗೆ ಬರೋದೇ ಕಡಿಮೆ. ಅಲ್ಲಿಂದ ನಮ್ಮ ದಿನದ ಆಕಾರವೇ ಬದಲಾಯಿತು. ಗೇಟ್ ತೆರೆಯುವ ಹೊತ್ತಿಗೆ ಅಲ್ಲಿರೋದು, ಹತ್ತೂವರೆಯವರೆಗೆ ಹೆಸರಾದ ರೈಡ್‌ಗಳು, ಆಮೇಲೆ ಪುಟಾಣಿಗಳ ಮೂಲೆ, ಊಟ, ರೂಮಿಗೆ ಹೋಗಿ ನಿದ್ದೆ, ಮೂರಕ್ಕೆ ವಾಪಸ್. ಈ ನಿದ್ದೆಗೋಸ್ಕರವೇ ರೂಮ್ ಪಾರ್ಕಿನ ಹತ್ತಿರ ಇರಬೇಕು. ದೂರದ ಅಗ್ಗದ ರೂಮಿಗಿಂತ ಹತ್ತಿರದ ಸಾಧಾರಣ ರೂಮ್ ಒಳ್ಳೇದು, ಅದರಲ್ಲೂ ಆಫ್ ಸೀಸನ್‌ನಲ್ಲಿ ಹತ್ತಿರದವೂ ಕಡಿಮೆಗೆ ಸಿಗುತ್ತವೆ. ಒಂದೇ ಎಚ್ಚರಿಕೆ, ಪಾರ್ಕ್ ಬೇಗ ಮುಚ್ಚುತ್ತೆ. ನಾವು ಹೋದ ದಿನ ಆರಕ್ಕೇ ಬಂದ್. ಐದಕ್ಕೆ ಎದ್ದರೆ ಹೋಗಿ ಏನು ಮಾಡೋದು? ಅದಕ್ಕೇ ಮಗನನ್ನು ಎರಡೂವರೆಗೆ ಎಬ್ಬಿಸುತ್ತಿದ್ದೆ, ಅವನ ಬೈಗುಳ ತಿಂದುಕೊಂಡೇ.

ಎತ್ತರದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಇಷ್ಟು ಎತ್ತರ ಇದ್ದರೆ ಮಾತ್ರ ಹತ್ತಬಹುದು ಅಂತ ಎಷ್ಟೋ ರೈಡ್‌ಗಳ ಮುಂದೆ ಒಂದು ಗೆರೆ ಇರುತ್ತೆ. ಕಣ್ಣೀರು ಬರೋದು ಅಲ್ಲೇ. ಡಿಸ್ನಿ, ಯೂನಿವರ್ಸಲ್ ಪಾರ್ಕ್‌ಗಳಲ್ಲಿ ಪದೇ ಪದೇ ಕಾಣುವ ಗೆರೆಗಳು 102, 112, 122 ಸೆಂಟಿಮೀಟರ್, ಅಂದರೆ 40, 44, 48 ಇಂಚು. ಸುರಕ್ಷತೆಯ ಪಟ್ಟಿ, ಅಡ್ಡಗೋಲು ಸಣ್ಣ ಮೈಗೆ ಸರಿಯಾಗಿ ಕೂರಲ್ಲ ಅಂತ ಹಾಕಿರುವ ಗೆರೆ ಅದು, ಬೇಡಿಕೊಂಡರೆ ಬಿಡೋದಲ್ಲ, ಬಿಡಲೂಬಾರದು. ನಮ್ಮ ಮಗಳು ಮನೆಯ ಗೋಡೆಯ ಮೇಲೆ 111. ಶೂ ಹಾಕಿದರೆ 112 ದಾಟುತ್ತಾಳೆ ಅಂತ ನಾನು ಧೈರ್ಯವಾಗಿದ್ದೆ. ಒಂದು ರೈಡಿನಲ್ಲಿ ಬಿಟ್ಟರು, ಇನ್ನೊಂದರಲ್ಲಿ ಅಳೆಯುವವರು ಎರಡು ಸಲ ಅಳೆದು ಇಲ್ಲ ಅಂದರು. ಗೆರೆಯ ಆಸುಪಾಸು ಇರುವ ಮಗುವನ್ನು ಗೆರೆಯ ಕೆಳಗಿದೆ ಅಂತಲೇ ಲೆಕ್ಕ ಹಿಡಿಯಿರಿ. ಹತ್ತಿಸಿದರೆ ಲಾಭ, ಇಲ್ಲದಿದ್ದರೆ ನಷ್ಟ ಇಲ್ಲ. ನಾನು ಈಗ ಪಾರ್ಕಿನ ಪಟ್ಟಿಯನ್ನು ಮಗುವಿನ ಎತ್ತರಕ್ಕೆ ಸೋಸಿ, ಉಳಿದ ರೈಡ್‌ಗಳನ್ನು ಎಣಿಸುತ್ತೇನೆ. ಎಂಟು ಹತ್ತು ಉಳಿಯದಿದ್ದರೆ ಆ ಪಾರ್ಕ್ ಇನ್ನೆರಡು ವರ್ಷ ಬೇಡ. ಇಷ್ಟು ಮಾಡಿದ್ದಿದ್ದರೆ ನಾವು ಮೊದಲನೇ ಟ್ರಿಪ್ಪೇ ಹೋಗುತ್ತಿರಲಿಲ್ಲ.

ದೊಡ್ಡವರಿಗೂ ಒಂದು ದೊಡ್ಡ ರೈಡ್ ಬೇಕು ಅನ್ನಿಸಿದರೆ ಅದಕ್ಕೊಂದು ಏರ್ಪಾಡು ಇದೆ. ಡಿಸ್ನಿಯಲ್ಲಿ ರೈಡರ್ ಸ್ವಿಚ್ ಅಂತಾರೆ, ಯೂನಿವರ್ಸಲ್‌ನಲ್ಲಿ ಚೈಲ್ಡ್ ಸ್ವಾಪ್. ಒಬ್ಬರು ರೈಡ್ ಮುಗಿಸಿ ಬರೋವರೆಗೆ ಇನ್ನೊಬ್ಬರು ಮಗುವಿನ ಜೊತೆ ಇರೋದು, ಆಮೇಲೆ ಅವರು ಮತ್ತೆ ಪೂರ್ತಿ ಸಾಲು ನಿಲ್ಲದೆ ಹೋಗೋದು. ಬೇರೆ ಪಾರ್ಕ್‌ಗಳಲ್ಲೂ ಬೇರೆ ಬೇರೆ ಹೆಸರಿನಲ್ಲಿ ಇರುತ್ತೆ, ರೈಡಿನ ಬಾಗಿಲಲ್ಲಿ ನಿಂತಿರುವವರನ್ನು ಕೇಳಿದರೆ ಹೇಳುತ್ತಾರೆ. ನಮಗೆ ಅತ್ತೆ ಇದ್ದದ್ದರಿಂದ ಒಮ್ಮೆ ನಾವಿಬ್ಬರೂ ಒಟ್ಟಿಗೇ ಹೋದೆವು. ಮದುವೆಯಾದ ಮೇಲೆ ಗಂಡ ಅಷ್ಟು ಜೋರಾಗಿ ಕಿರುಚಿದ್ದು ಅದೇ ಮೊದಲು.

ಟಿಕೆಟ್ ಬಗ್ಗೆ ಎರಡು ಮಾತು. ಸೀಸನ್ನಿನಲ್ಲಿ ಸಾಲು ತಪ್ಪಿಸುವ ದುಬಾರಿ ಪಾಸ್ ಕೊಳ್ಳುತ್ತಾರಲ್ಲ, ಪುಟ್ಟ ಮಕ್ಕಳ ಜೊತೆ ಆಫ್ ಸೀಸನ್‌ನಲ್ಲಿ ಅದು ಸುಮ್ನೆ ದಂಡ. ಆ ಪಾಸ್ ನಡೆಯುವ ಅರ್ಧ ರೈಡ್‌ಗಳಿಗೆ ನಿಮ್ಮ ಮಕ್ಕಳನ್ನು ಬಿಡುವುದೇ ಇಲ್ಲ. ವಯಸ್ಸಿನ ಲೆಕ್ಕವೂ ಪಾರ್ಕಿನಿಂದ ಪಾರ್ಕಿಗೆ ಬೇರೆ. ಡಿಸ್ನಿ ವರ್ಲ್ಡ್‌ನಲ್ಲಿ ಮೂರು ತುಂಬದ ಮಗುವಿಗೆ ಟಿಕೆಟ್ ಬೇಡ, ಟೋಕಿಯೊದಲ್ಲಿ ಮೂರು ವರ್ಷದವರಿಗೂ ಬೇಡ, ನಾಲ್ಕಾದ ಮೇಲೆ ಬೇಕು. ಹುಟ್ಟಿದ ಹಬ್ಬ ಹತ್ತಿರ ಇದ್ದರೆ ಒಂದು ವಾರ ಹಿಂದೆ ಮುಂದೆ ಮಾಡೋದು ಕೂಡ ಯೋಜನೆಯೇ.

ಬಟ್ಟೆಯಲ್ಲೂ ಪಾಠ ಕಲಿತೆವು. ಬೆಳಿಗ್ಗೆ ಚಳಿ, ಮಧ್ಯಾಹ್ನ ಬಿಸಿಲು, ಐದಕ್ಕೆ ಮತ್ತೆ ಚಳಿ. ದಪ್ಪನೆಯ ಒಂದು ಸ್ವೆಟರಿಗಿಂತ ತೆಳುವಾದ ಮೂರು ಪದರ ಒಳ್ಳೇದು. ನೀರು ಚಿಮ್ಮುವ ಕಾರಂಜಿ ಆಟ ಚಳಿಯಲ್ಲಿ ಬಂದ್ ಇರುತ್ತೆ ಅಂದುಕೊಂಡಿದ್ದೆ, ಇರಲಿಲ್ಲ. ಮಗ ಕಣ್ಣು ಮಿಟುಕಿಸುವಷ್ಟರಲ್ಲಿ ಅದರ ನಡುವೆ ನಿಂತಿದ್ದ. ಬದಲಿ ಬಟ್ಟೆ ತಂದಿದ್ದೆ, ಬದಲಿ ಶೂ ತಂದಿರಲಿಲ್ಲ. ಮಳೆ ಬಂದರೆ ಗಾಬರಿ ಬೇಡ. ಸಿಡಿಲಿದ್ದರೆ ಬಯಲಿನ ರೈಡ್‌ಗಳನ್ನು ನಿಲ್ಲಿಸುತ್ತಾರೆ, ಆಗ ಒಳಾಂಗಣದ ರೈಡ್, ಶೋ ಎಲ್ಲಿವೆ ಅಂತ ಮೊದಲೇ ನಕ್ಷೆಯಲ್ಲಿ ಗುರುತು ಹಾಕಿಕೊಂಡಿದ್ದರೆ ಸಾಕು. ಮಳೆ ನಿಂತ ಮೇಲಿನ ಮುಕ್ಕಾಲು ಗಂಟೆ ಇಡೀ ಟ್ರಿಪ್ಪಿನಲ್ಲೇ ಖಾಲಿ ಹೊತ್ತು, ಅರ್ಧ ಜನ ಮನೆಗೆ ಹೋಗಿರುತ್ತಾರೆ.

ದಿನಾ ಬೆಳಿಗ್ಗೆ ಗೇಟಿನ ಮುಂದೆ ಇಬ್ಬರನ್ನೂ ನಿಲ್ಲಿಸಿ ಆ ದಿನದ ಬಟ್ಟೆಯಲ್ಲಿ ಒಂದು ಫೋಟೋ ತೆಗೆಯುತ್ತಿದ್ದೆ, ಕೈ ಮೇಲೆ ಪೆನ್ನಿನಲ್ಲಿ ನಮ್ಮ ಫೋನ್ ನಂಬರ್. ತಪ್ಪಿಸಿಕೊಂಡರೆ ಯಾವ ಬಣ್ಣದ ಅಂಗಿ ಅಂತ ಆ ಗಾಬರಿಯಲ್ಲಿ ನನಗಂತೂ ನೆನಪಾಗಲ್ಲ. ಜನ ಕಡಿಮೆ ಅಂತ ಕೈ ಸಡಿಲ ಬಿಡೋದು ಆಫ್ ಸೀಸನ್‌ನಲ್ಲೇ ಜಾಸ್ತಿ, ಖಾಲಿ ಜಾಗ ಕಂಡರೆ ಮಕ್ಕಳು ಓಡುತ್ತಾರೆ.

ಮೂರನೇ ದಿನ ನಾವು ಅರ್ಧ ದಿನವಷ್ಟೇ ಇದ್ದದ್ದು. ದೊಡ್ಡ ರೈಡ್ ಯಾವುದೂ ಇಲ್ಲ ಅಂತ ಮೊದಲೇ ತೀರ್ಮಾನಿಸಿದ್ದೆವು. ಮಗನಿಗೆ ತಿರುಗುವ ಕುದುರೆ ಹಿಡಿಸಿತು. ಒಂದು ಸುತ್ತು ಮುಗಿದಾಗ ಅವನು ಕಂಬ ಬಿಡಲಿಲ್ಲ. ನಾನು ಇಳಿಸೋಕೆ ಹೋದೆ, ರೈಡ್ ನಡೆಸುತ್ತಿದ್ದ ಹುಡುಗಿ ಸಾಲಿನ ಕಡೆ ಕೈ ತೋರಿಸಿದಳು. ಒಬ್ಬರೂ ಇರಲಿಲ್ಲ. ಇರಲಿ ಬಿಡಿ ಅನ್ನೋ ಹಾಗೆ ತಲೆ ಆಡಿಸಿ ಮತ್ತೆ ಗುಂಡಿ ಒತ್ತಿದಳು. ಹನ್ನೊಂದು ಸುತ್ತು. ಏಳನೇ ಸುತ್ತಿಗೆ ಅತ್ತೆಯೂ ಪಕ್ಕದ ಕುದುರೆ ಹತ್ತಿದರು.