ಪರಂಗಿಗೆ ಅಂಗಿ ತೊಡಿಸಿ ಕೆಟ್ಟ ಮೇಲೆ

ಜನಾಂಗಗಳ ಮತ್ತು ಮತಪಂಥಗಳ ಹೆಸರಿಗೆ ಮೂಲ ಹುಡುಕುವುದೆಂದರೆ ಪದವನ್ನು ಒಡೆದು ಅರ್ಥ ಹೇಳುವುದೆಂದೇ ನಾನು ಬಹುಕಾಲ ತಿಳಿದಿದ್ದೆ. ‘ಪರಂಗಿ’ ಎಂದರೆ ಪರದೇಶದ ಅಂಗಿ ತೊಟ್ಟವನು ಎಂದು ಬರೆದು, ಕೈಯಿಂದ ಸುಮಾರು ಎಂಟು ಸಾವಿರ ರೂಪಾಯಿ ಹಾಕಿ, ಮುನ್ನೂರು ಪ್ರತಿ ಕಿರುಹೊತ್ತಗೆ ಅಚ್ಚು ಹಾಕಿಸಿದೆ. ಹಿರಿಯರೊಬ್ಬರು ಆ ಸಾಲಿಗೆ ಕೆಂಪು ಗೆರೆ ಎಳೆದು ಹಿಂದಿರುಗಿಸಿದ ಮೇಲೆ ಉಳಿದ ಪ್ರತಿಗಳೆಲ್ಲ ರದ್ದಿ ಅಂಗಡಿಗೆ ಹೋದವು. ಬಂದದ್ದು ಇನ್ನೂರು ರೂಪಾಯಿಯೂ ಇರಲಿಕ್ಕಿಲ್ಲ.

ಆ ಬಳಿಕ ಅರ್ಥವನ್ನು ಬದಿಗಿಟ್ಟು, ಪದವು ಯಾರ ಬಾಯಿಂದ ಯಾರ ಬಾಯಿಗೆ ಬಂತೆಂಬುದನ್ನಷ್ಟೇ ಚೀಟಿಗಳಲ್ಲಿ ಗುರುತಿಸತೊಡಗಿದೆ. ಇದರಿಂದ ಪದಕೋಶವಾಗದು, ರೈಲಿನ ವೇಳಾಪಟ್ಟಿಯಾದೀತು ಎಂದು ಗೆಳೆಯರು ನಕ್ಕರು. ಆದರೆ ಪರಂಗಿಯ ಗಂಟು ಬಿಚ್ಚಿದ್ದು ಹೀಗೆಯೇ. ಕ್ರುಸೇಡ್ ಎಂಬ ಕ್ರೈಸ್ತರ ಧರ್ಮಯುದ್ಧಕ್ಕೆ ಬಂದ ಪಶ್ಚಿಮ ಯುರೋಪಿನವರನ್ನೆಲ್ಲ ಅರಬರು ಫ್ರಾಂಕರೆಂಬ ಒಂದೇ ಜನಾಂಗದ ಹೆಸರಿನಿಂದ ‘ಇಫ್ರಂಜ್’ ಎಂದರು, ಪಾರಸಿಯವರು ‘ಫರಂಗಿ’ ಎಂದರು. ನಮ್ಮಲ್ಲಿ ಆ ಹೆಸರು ಪೋರ್ಚುಗೀಸರಿಗೆ ಅಂಟಿತು. ತೋಪು ಫಿರಂಗಿಯಾಯಿತು, ಅಮೆರಿಕದ ಹಣ್ಣು ಪರಂಗಿಯಾಯಿತು, 16ನೆಯ ಶತಮಾನದ ‘ಭಾವಪ್ರಕಾಶ’ ಎಂಬ ವೈದ್ಯಗ್ರಂಥದಲ್ಲಿ ಸಿಫಿಲಿಸ್ ‘ಫಿರಂಗರೋಗ’ವಾಯಿತು, ಅದಕ್ಕೆ ಮದ್ದಾದ ಬೇರಿಗೂ ಪರಂಗಿಚಕ್ಕೆ ಎಂಬ ಹೆಸರೇ ನಿಂತಿತು.

ಈ ಹಣ್ಣಿನ ಬೆನ್ನು ಹತ್ತಿ ಎರಡು ತಿಂಗಳು ಸಂತೆ ಸುತ್ತಿದ್ದು ಮಾತ್ರ ಶುದ್ಧ ಚಪಲ. ಮಂಗಳೂರಿನ ಕಡೆ ಅದನ್ನು ಬಪ್ಪಂಗಾಯಿ ಎನ್ನುತ್ತಾರೆಂದು ಬರೆದುಕೊಳ್ಳಲು ಬಸ್ಸಿಗೇ ಎರಡು ಸಾವಿರದಷ್ಟು ಖರ್ಚಾಯಿತು.

ಪಂಥಗಳ ಹೆಸರಿನಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಜೈನ ಮುನಿಗೆ ಹೇಳುವ ‘ಸವಣ’. ಶ್ರವಣಬೆಳಗೊಳದ ‘ಶ್ರವಣ’ವನ್ನು ಕೇಳುವಿಕೆಗೋ ನಕ್ಷತ್ರಕ್ಕೋ ಜೋಡಿಸಿ ಮೂರು ಸಲ ಎಡವಿದೆ. ಕೊನೆಗೆ ‘ಕುಮಾರ’ ‘ಕುವರ’ನಾಗುವಂತೆ ‘ಶ್ರಮಣ’ ‘ಸವಣ’ವಾದೀತಲ್ಲವೇ ಎಂದು ಹೊಳೆದದ್ದೇ ತಡ, ಎಲ್ಲವೂ ಸರಿಹೋಯಿತು: ತಪಸ್ಸಿನಲ್ಲಿ ಶ್ರಮಪಡುವವನು ಶ್ರಮಣ, ಅವನೇ ಜನರ ಬಾಯಲ್ಲಿ ಸವಣ, ಅದನ್ನು ಮತ್ತೆ ಸಂಸ್ಕೃತಕ್ಕೆ ತಿದ್ದಲು ಹೋದವರ ಕೈಯಲ್ಲಿ ಶ್ರವಣ. ಹೋಲಿಸಿ ನೋಡಲು ಇಂಥ ಜೋಡಿಪದಗಳನ್ನು ಕ್ಷಣದಲ್ಲಿ ಹೆಕ್ಕುವಂತೆ ಚೀಟಿಗಳ ಮೂಲೆಯಲ್ಲಿ ನಾನೊಂದು ಗುರುತು ಹಾಕುತ್ತೇನೆ. ಅದೇನೆಂದು ಇಲ್ಲಿ ಹೇಳುವುದಿಲ್ಲ.

ಈಗ ನನ್ನಲ್ಲಿ ಸುಮಾರು ಒಂಬೈನೂರು ಚೀಟಿಗಳಿವೆ. ಕೆಂಪು ಗೆರೆ ಎಳೆದಿದ್ದ ಅದೇ ಹಿರಿಯರು ಕಳೆದ ತಿಂಗಳು ‘ಯವನ’ದ ಬಗ್ಗೆ ಕೇಳಿ ಕಳುಹಿಸಿದರು. ಅಯೋನಿಯಾದ ಗ್ರೀಕರಿಂದ ಹೊರಟು, ಹಳೆಯ ಪಾರಸಿಯಲ್ಲಿ ‘ಯೌನ’ವಾಗಿ, ಇಲ್ಲಿ ಕಡೆಗೆ ಮುಸಲ್ಮಾನರಿಗೂ ಅಂಟಿದ ಆ ಪದದ ಚೀಟಿ ಸಿದ್ಧವಾಗಿಯೇ ಇತ್ತು, ಅಂದೇ ಅಂಚೆಗೆ ಹಾಕಿದೆ.