ಎಂಜಲು ತೂಗಿ ಪಾಸ್ತಾ ಕಲಿತದ್ದು

ಕಾಸರಗೋಡಿನ ಕುಂಬಳೆಯಲ್ಲಿ ಇಟಾಲಿಯನ್ ಹೋಟೆಲು ಇಡುತ್ತೇನೆ ಅಂದಾಗ ಪಕ್ಕದ ಅಲ್ಫಾಮ್ (ಅರಬ್ಬಿ ಸುಟ್ಟ ಕೋಳಿ) ಅಂಗಡಿಯ ಇಚ್ಚ, ಅಂದರೆ ಅಣ್ಣ, ಕೇಳಿದ್ದು ಒಂದೇ ಮಾತು. "ತಲೆ ಸರಿ ಉಂಟಲ್ಲ ಮಾರಾಯ?" ಮುಂದೆ ನಾನು ಗಿರಾಕಿಗಳ ಎಂಜಲು ತಟ್ಟೆ ತೂಗಲು ಶುರು ಮಾಡಿದಾಗ ಅವರು ಅದನ್ನೂ ಕೇಳಲಿಲ್ಲ. ನಕ್ಕು ಒಳಗೆ ಹೋದರು. ಈಗ ನಾಲ್ಕನೇ ವರ್ಷ. ತಕ್ಕಡಿ ಇನ್ನೂ ಸಿಂಕಿನ ಪಕ್ಕದಲ್ಲೇ ಇದೆ.

ಗಲ್ಫಿನಲ್ಲಿ ಒಂಬತ್ತು ವರ್ಷ ಇಟಾಲಿಯನ್ ಅಡುಗೆಮನೆಯಲ್ಲಿ ದುಡಿದು ಬಂದವನು ನಾನು. ಪಾಸ್ತಾ ಬೇಯಿಸುವುದು, ಹಿಟ್ಟು ನಾದುವುದು ನಿಮಗೂ ಗೊತ್ತಿದ್ದದ್ದೇ, ಅದನ್ನು ಬರೆಯುವುದಿಲ್ಲ. ನನಗೆ ಗೊತ್ತಿಲ್ಲದೆ ಇದ್ದದ್ದು ಬೇರೆ. ಒಂದೇ ರಾತ್ರಿ, ಒಂದೇ ಪಾತ್ರೆಯ ಸಾಸು. ನಾಲ್ಕನೇ ಟೇಬಲಿನವರು "ಮಂಗಳೂರಿನಲ್ಲೂ ಇಂಥದ್ದು ಸಿಗಲಿಕ್ಕಿಲ್ಲ" ಅಂದರು. ಆರನೇ ಟೇಬಲಿನವರು "ಇದು ಬೇಯಲೇ ಇಲ್ಲವಲ್ಲ" ಅಂದರು. ಯಾರನ್ನು ನಂಬುವುದು?

ಮೊದಲ ವರ್ಷ ಎಲ್ಲರನ್ನೂ ನಂಬಿದೆ. ದುಡ್ಡು ಹೋದದ್ದು ಅಲ್ಲೇ. ಒಬ್ಬರು ಗ್ರೇವಿ ಇಲ್ಲ ಅಂದರು, ಕ್ರೀಮು ಸುರಿದೆ. ಕಾರ್ಬೊನಾರಾ ಅನ್ನುವ ಪಾಸ್ತಾಕ್ಕೂ ಸುರಿದೆ! ರೋಮಿನವರು ಅದಕ್ಕೆ ಹಾಕುವುದು ಮೊಟ್ಟೆ, ಪೆಕೊರಿನೊ ಚೀಸು, ಕಾಳುಮೆಣಸು, ಹಂದಿ ಕೆನ್ನೆಯ ಮಾಂಸ, ಅಷ್ಟೇ. ನಮ್ಮಲ್ಲಿ ಹಂದಿ ನಡೆಯುವುದಿಲ್ಲ, ಕೋಳಿ ಹಾಕುತ್ತಿದ್ದೆ. ಅದರ ಮೇಲೆ ಕ್ರೀಮೂ ಬಿದ್ದ ಮೇಲೆ ಹೆಸರಿಗೂ ತಟ್ಟೆಗೂ ಸಂಬಂಧ ಉಳಿಯಲಿಲ್ಲ. ಮತ್ತೊಬ್ಬರು ಐಟಂ ಕಡಿಮೆ ಅಂದರು. ಮೆನು 42ಕ್ಕೆ ಏರಿತು. ಫ್ರಿಡ್ಜಿನಲ್ಲಿ ಕೊಳೆತದ್ದನ್ನು ಹೊರಗೆ ಹಾಕಿ ಹಾಕಿ ಸಾಕಾಯಿತು. ಹೆದ್ದಾರಿ ಅಗಲ ಮಾಡುವ ಕೆಲಸದ ಧೂಳು ಬೇರೆ. ಆ ವರ್ಷ ಹೋದದ್ದು ಮೂರೂವರೆ ಲಕ್ಷದ ಹತ್ತಿರ. ಹೆಂಡತಿಯ ಬಳೆ ಬ್ಯಾಂಕು ಸೇರಿತು.

ಒಲೆಯ ಕಥೆಯನ್ನೂ ಹೇಳಿಬಿಡುತ್ತೇನೆ. ನೇಪಲ್ಸಿನ ಪಿಜ್ಜಾ 60ರಿಂದ 90 ಸೆಕೆಂಡಿನಲ್ಲಿ ಬೇಯಬೇಕು, ಅದಕ್ಕೆ ಒಲೆ 430 ಡಿಗ್ರಿಯ ಮೇಲೆ ಇರಬೇಕು. ಊರಿನ ಕೆಂಪು ಮುರಕಲ್ಲಿನಲ್ಲೇ ಕಟ್ಟುತ್ತೇನೆ ಅಂತ ನನ್ನ ಹಟ. ಮಳೆಗಾಲದ ಕಲ್ಲು, ಒಳಗೆ ನೀರು ಕುಡಿದಿತ್ತು. ಮೂರನೇ ವಾರ ಟಪ್ ಅಂತ ಬಿರುಕು ಬಿಟ್ಟಿತು, ಕಲ್ಲಿನ ಚೂರು ಪಿಜ್ಜಾದ ಮೇಲೆ. ಗಿರಾಕಿಯ ಮುಂದೆ ಅಲ್ಲ, ಪುಣ್ಯ. ಕೊನೆಗೆ ಒಳಗೆ ಕಾವು ತಡೆಯುವ ಇಟ್ಟಿಗೆ, ಫೈರ್ ಬ್ರಿಕ್, ಹೊರಗೆ ಮಾತ್ರ ಮುರಕಲ್ಲು. ಎರಡೂ ಸೇರಿ 85 ಸಾವಿರ ಆಗಿರಬೇಕು. ಉರಿಗೆ ಗಾಳಿಮರದ ಸೌದೆ, ಕಾವು ಏರಿಸಲು ತೆಂಗಿನ ಗೆರಟೆ. ಗೆರಟೆಯನ್ನು ಯಾವಾಗ, ಎಷ್ಟು ಹಾಕುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ.

ತೂಗುವ ಬುದ್ಧಿ ನನ್ನದಲ್ಲ. ಪಾತ್ರೆ ತೊಳೆಯುವ ಅಕ್ಕ ಒಂದು ರಾತ್ರಿ ಹೇಳಿದರು, "ಅಣ್ಣ, ಬೈದು ಹೋದವರ ತಟ್ಟೆ ತೊಳೆಯಲಿಕ್ಕೆ ಸುಲಭ. ಹೊಗಳಿದವರದ್ದೇ ಕಷ್ಟ."

ಮರುದಿನ 1,100 ರೂಪಾಯಿಯ ತಕ್ಕಡಿ ತಂದೆ. ಎಲ್ಲ ತಟ್ಟೆಯೂ ಒಂದೇ ಅಚ್ಚಿನದು, 640 ಗ್ರಾಂ. ಅದನ್ನು ಕಳೆದರೆ ಉಳಿದದ್ದು ಎಂಜಲು. ಬಿಲ್ಲಿನ ಹಿಂದೆ ಬರೆಯುತ್ತಾ ಹೋದೆವು: ಟೇಬಲು, ಐಟಂ, ಕಾದ ನಿಮಿಷ, ಹೇಳಿದ ಮಾತು, ಗ್ರಾಂ. ಸಪ್ಲೈ ಹುಡುಗರಿಗೆ ನಾಚಿಕೆ. ಊರಿನಲ್ಲಿ ನನಗೆ 'ಎಂಜಲು ಸೇಟು' ಅಂತ ಹೆಸರು ಬಿತ್ತು. ಹನ್ನೊಂದು ತಿಂಗಳು, ನಾಲ್ಕು ಸಾವಿರ ತಟ್ಟೆಯ ಆಸುಪಾಸು.

ಅಕ್ಕ ಹೇಳಿದ್ದು ನಿಜವೇ. "ಬೆಂದಿಲ್ಲ" ಅಂದವರು 20, 25 ಗ್ರಾಂ ಬಿಟ್ಟಿದ್ದರು. ಅವರಿಗೋಸ್ಕರ ಮೆತ್ತಗೆ ಬೇಯಿಸಿ ಕೊಟ್ಟ ದಿನಗಳಲ್ಲಿ ಉಳಿದದ್ದು 70ರ ಮೇಲೆ. ಯಾಕೆ ಅಂದರೆ, ತಲೆಯ ಮೇಲೆ ಫ್ಯಾನು, ತಣ್ಣಗಿನ ತಟ್ಟೆ. ಐದೇ ನಿಮಿಷಕ್ಕೆ ಮೆತ್ತಗಿನ ಪಾಸ್ತಾ ಮುದ್ದೆ. ತಟ್ಟೆಯನ್ನು ಒಲೆಯ ಮೇಲಿನ ಹಲಗೆಯಲ್ಲಿ ಬಿಸಿ ಮಾಡಿ ಕೊಡಲು ಶುರು ಮಾಡಿದೆ. ಫ್ಯಾನುಗಳನ್ನು ಗೋಡೆಗೆ ಸರಿಸಿದೆ. ಬೇಯಿಸುವ ಸಮಯ ಮೊದಲಿನದ್ದೇ.

"ಬೆಂದಿಲ್ಲ" ಅನ್ನುವ ಬೈಗುಳ ನಿಂತದ್ದು ಬೇರೆ ಒಂದು ಮಾತಿನಿಂದ. ಆರ್ಡರ್ ತೆಗೆಯುವಾಗ ಹುಡುಗ ಹೇಳಬೇಕು, "ಕುಚ್ಚಲಕ್ಕಿ ಅನ್ನದ ಹಾಗೆ ನಡುವೆ ಸ್ವಲ್ಪ ಗಟ್ಟಿ ಇರುತ್ತದೆ, ಆಗಬಹುದಲ್ವಾ?" ಕನ್ನಡ, ಮಲಯಾಳ, ತುಳು, ಬ್ಯಾರಿ, ಕೊಂಕಣಿ, ಬಂದವರ ಭಾಷೆಯಲ್ಲಿ. ಸಪ್ತ ಭಾಷೆಯ ಊರು ಅಂತ ಸುಮ್ನೆ ಹೇಳುತ್ತಾರಾ? ಮುಕ್ಕಾಲು ಪಾಲು ಜನ ಆಗಬಹುದು ಅನ್ನುತ್ತಾರೆ. ಬೇಡ ಅಂದವರಿಗೆ ಒಂದು ನಿಮಿಷ ಜಾಸ್ತಿ, ಹೆಚ್ಚಿಲ್ಲ.

ಹೊಗಳಿದವರು ಬಿಟ್ಟದ್ದು ಯಾಕೆ? ಇದು ನನ್ನದೇ ಮೂರ್ಖತನ. ಆಗ ಪಾಸ್ತಾಕ್ಕೆ 25, 30 ನಿಮಿಷ ಹಿಡಿಯುತ್ತಿತ್ತು. ತಡವಾಯಿತಲ್ಲ ಅಂತ ಬೆಳ್ಳುಳ್ಳಿ ಬ್ರೆಡ್ಡು ಪುಕ್ಕಟೆ ಕೊಡುತ್ತಿದ್ದೆ. ಬ್ರೆಡ್ಡಿನಲ್ಲೇ ಅವರ ಹೊಟ್ಟೆ ತುಂಬುತ್ತಿತ್ತು. ಬಾಯಿ ತುಂಬ ಹೊಗಳಿ, ಅರ್ಧ ಪಾಸ್ತಾ ಬಿಟ್ಟು ಹೋಗುತ್ತಿದ್ದರು, ಮತ್ತೆ ಬರುತ್ತಿರಲಿಲ್ಲ. ಬ್ರೆಡ್ಡು ನಿಲ್ಲಿಸಿದೆ. ಮೆನು 42ರಿಂದ 11ಕ್ಕೆ ಇಳಿಸಿದೆ. ಪಾಸ್ತಾವನ್ನು ಸಂಜೆಯೇ ಮುಕ್ಕಾಲು ಬೇಯಿಸಿ, ತಣ್ಣೀರು ಹಾಕದೆ, ಎಣ್ಣೆ ಸವರಿ, ಟ್ರೇಯಲ್ಲಿ ಹರಡಿ ಆರಿಸಿ ಫ್ರಿಡ್ಜಿಗೆ ಇಡುತ್ತೇವೆ. ಉಳಿದ ಕಾಲು ಸಾಸಿನಲ್ಲೇ ಬೇಯುತ್ತದೆ, ಒಂದು ಸೌಟು ಪಾಸ್ತಾ ಬೇಯಿಸಿದ ನೀರಿನ ಜೊತೆ. ಗಲ್ಫಿನ ಮೇಸ್ತ್ರಿ ನೋಡಿದರೆ ಬೈದಾರು. ಟೇಬಲಿಗೆ ಈಗ 12 ನಿಮಿಷ.

ಗಂಜಿ ಬಿಟ್ಟು ಮೆತ್ತಗಾಗುವ ಇಟಲಿಯ ಅನ್ನ, ರಿಸೊಟ್ಟೊ. ಅದರಲ್ಲಿ ಸೋತೆ. "ಗಂಜಿಗೆ 260 ರೂಪಾಯಿಯಾ?" ಅಂತ ಎಷ್ಟು ಜನ ಕೇಳಿದರೋ. ಅದಕ್ಕೆ ಬೇಕಾದ ಇಟಲಿಯ ಆರ್ಬೋರಿಯೊ ಅಕ್ಕಿಗೆ ಬೆಲೆ ಜಾಸ್ತಿ ಅಂತ ಕುಚ್ಚಲಕ್ಕಿಯಲ್ಲಿ ಮಾಡಿ ನೋಡಿದೆ. ಬತ್ತದಲ್ಲೇ ಒಮ್ಮೆ ಬೆಂದ ಅಕ್ಕಿ ಅದು, ಗಂಜಿ ಅಷ್ಟು ಬಿಡುವುದಿಲ್ಲ, ಕಾಳು ಕಾಳಾಗಿ ನಿಂತಿತು. ತೆಗೆದುಹಾಕಿದೆ. ಜೀಗುಜ್ಜೆ (ದೀವಿಹಲಸು) ಕಲಸಿದ ಹಿಟ್ಟಿನ ಪುಟ್ಟ ಉಂಡೆ, ನ್ಯೊಕ್ಕಿ ಮಾತ್ರ ಆಲೂಗಡ್ಡೆಯದ್ದಕ್ಕಿಂತ ಚಂದ ಬಂತು. ಮೈದಾ ಕಡಿಮೆ ಸಾಕು. ಸೀಸನ್ನಿನಲ್ಲಿ ಮಾತ್ರ ಮಾಡುತ್ತೇನೆ. ಎಲೆ ಅರೆದು ಮಾಡುವ ಪೆಸ್ಟೋ ಸಾಸಿಗೆ ಹಿತ್ತಲಿನ ಕಾಮಕಸ್ತೂರಿ, ಪೈನ್ ಬೀಜದ ಬದಲು ಗೇರುಬೀಜ. ನಮ್ಮ ಎಲೆಯ ಖಾರ ಇಳಿಸಲು ಒಂದು ಉಪಾಯ ಉಂಟು, ಅದನ್ನು ಇಲ್ಲಿ ಬರೆಯುವುದಿಲ್ಲ.

ಒಂದು ಪೆಟ್ಟು ತಕ್ಕಡಿಗೂ ಕಾಣಲಿಲ್ಲ. ನಿವೃತ್ತ ಮೇಷ್ಟ್ರೊಬ್ಬರು ತಟ್ಟೆ ಖಾಲಿ ಮಾಡಿ, ಕೈ ತೊಳೆದು ಬಂದು ಕೇಳಿದರು, "ಈ ಪಾರ್ಮೆಜಾನು ಚೀಸು ಸಸ್ಯಾಹಾರ ತಾನೆ?" ಅಸಲಿ ಪಾರ್ಮೆಜಾನಿಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯ ರೆನ್ನೆಟಿನಿಂದ. ಗಲ್ಫಿನ ಗೆಳೆಯ ತಂದುಕೊಟ್ಟ ಗಟ್ಟಿ ಅದು. ನನಗೆ ಗೊತ್ತಿತ್ತು, ಹೇಳಿರಲಿಲ್ಲ. ಅವರು ಸಿಟ್ಟು ಮಾಡಲಿಲ್ಲ, ಮುಖ ಸಣ್ಣ ಮಾಡಿಕೊಂಡು ಹೋದರು. ಅಂದಿನಿಂದ ಸೂಕ್ಷ್ಮಾಣು ರೆನ್ನೆಟಿನ ಚೀಸು ಮಾತ್ರ. ಅದನ್ನು ಮೆನುವಿನಲ್ಲಿ ಕನ್ನಡ, ಮಲಯಾಳ ಎರಡರಲ್ಲೂ ಬರೆಸಿದ್ದೇನೆ. ಮೇಷ್ಟ್ರು ಇನ್ನೂ ಬಂದಿಲ್ಲ.

ವಾರದ ದಿನ 45 ತಟ್ಟೆ, ಭಾನುವಾರ ನೂರು ದಾಟುತ್ತದೆ. ಎಂಜಲು ತಟ್ಟೆಗೆ 15, 18 ಗ್ರಾಂ. ಬಳೆ ಮನೆಗೆ ಬಂದಿದೆ. ಬೈಗುಳ ಈಗಲೂ ಬರುತ್ತದೆ. ಕಳೆದ ಭಾನುವಾರ ಬದಿಯಡ್ಕ ಕಡೆಯ ಅಜ್ಜಿಯೊಬ್ಬರು ಮೊಮ್ಮಕ್ಕಳ ಜೊತೆ ಬಂದಿದ್ದರು. ಹೋಗುವಾಗ ಕೌಂಟರಿಗೇ ಬಂದು "ಚಪ್ಪೆ ಮಗಾ, ಉಪ್ಪಿನಕಾಯಿಯಾದರೂ ಇಡಬಾರದಾ?" ಅಂದರು. ಬಿಲ್ಲಿನ ಹಿಂದೆ ಬರೆದುಕೊಂಡೆ: ಟೇಬಲು 3, ಪೆಸ್ಟೋ, 11 ನಿಮಿಷ, ಚಪ್ಪೆ, 0 ಗ್ರಾಂ.