ಫುಲ್ ಚೋಕಿನ ಹಳೆಯ ಕೋವಿಯಲ್ಲಿ ಚರೆ ಹರಡಿಸಿದ್ದು: ನನ್ನ ಅನುಭವ

ಪೆನ್ಸಿಲ್ವೇನಿಯದ ನಮ್ಮ ಕ್ಲಬ್ಬಿಗೆ ಫಾಕ್ಸ್ ಸ್ಟರ್ಲಿಂಗ್‌ವರ್ತ್ ಎಂಬ ಜೋಡುನಳಿಗೆ ಕೋವಿಯನ್ನು ಸ್ಕೀಟ್ (ಹಾರುವ ತಟ್ಟೆಗಳನ್ನು ಹೊಡೆದು ಒಡೆಯುವ ಆಟ) ಆಡಲು ತಂದಾಗಿನಿಂದ ಎಲ್ಲರದೂ ಒಂದೇ ಮಾತಾಗಿತ್ತು: ಚೋಕ್ (ಚರೆ, ಅಂದರೆ ತೋಟಾದೊಳಗಿನ ಸಣ್ಣ ಗುಂಡುಗಳು, ಹರಡದಂತೆ ನಳಿಗೆಯ ತುದಿ ಕಿರಿದಾಗುವ ಭಾಗ) ಕೊರೆಸಿ ಅಗಲಿಸು, ಇಲ್ಲವೇ ಗೋಡೆಗೆ ತೂಗುಹಾಕು. ಇಂದು ಅದೇ ಕೋವಿಯಲ್ಲಿ, ನಳಿಗೆಗೆ ಒಂದು ಗೀರೂ ಬೀಳದಂತೆ ಇಟ್ಟುಕೊಂಡು, ಇಪ್ಪತ್ತೈದು ತಟ್ಟೆಗಳಲ್ಲಿ 22, 23 ಒಡೆಯುತ್ತಿದ್ದೇನೆ. ಅಂದು ತಲೆಯಾಡಿಸಿದವರೇ ಈಗ ತೋಟಾ ಕೇಳಿಕೊಂಡು ಬರುತ್ತಾರೆ.

ಕೋವಿ 1930ಕ್ಕೆ ಮುಂಚಿನ ಫಿಲಡೆಲ್ಫಿಯ ತಯಾರಿಕೆ. 30 ಇಂಚಿನ ನಳಿಗೆಗಳು, ಎರಡೂ ಫುಲ್, ಅಂದರೆ ಬಹಳ ಬಿಗಿ ಚೋಕಿನವು, ಬಿಗಿತ 0.040 ಇಂಚಿನ ಆಸುಪಾಸು. ಕೊಡಗಿನಲ್ಲಿ ಬೆಳೆದ ನನಗೆ ಬಿಗಿ ಚೋಕ್ ದೋಷವೆನ್ನಿಸುವುದಿಲ್ಲ. ಕೊಡವರು ಆಯುಧ ಪೂಜಿಸುವ ಕೈಲ್ ಪೊಳ್ದ್ ಹಬ್ಬದ ದಿನ ಮರದ ತುದಿಯ ತೆಂಗಿನಕಾಯಿಗೆ ಗುರಿಯಿಡುವವನು ಹರಡುವ ಕೋವಿಯನ್ನು ಕೇಳುವುದಿಲ್ಲ. ಆದರೆ ಸ್ಕೀಟ್‌ನಲ್ಲಿ ತಟ್ಟೆ ಒಡೆಯಬೇಕಾದದ್ದು 21 ಗಜದಲ್ಲಿ. ಅಲ್ಲಿ ಅಂಗಡಿಯ ಮಾಮೂಲಿ ತೋಟಾದ ಚರೆ ಹದಿನಾರು, ಹದಿನೇಳು ಇಂಚಿನೊಳಗೇ ಮುದ್ದೆಯಾಗಿ ಹೋಗುತ್ತದೆ. ತಾಗಿದರೆ ತಟ್ಟೆ ಹೊಗೆಯಾಗುತ್ತದೆ, ಇಲ್ಲವೆಂದರೆ ಅದರ ಅಂಚೂ ಹಾರುವುದಿಲ್ಲ.

ಚೋಕ್ ಕೊರೆಯಲು ಬಂದೂಕು ರಿಪೇರಿಯವರು ಕೇಳಿದ್ದು ನಳಿಗೆಗೆ ನೂರು ಡಾಲರಿನಷ್ಟು. ಹಣ ದೊಡ್ಡದಲ್ಲ. ಆದರೆ ಕೊರೆದ ಉಕ್ಕು ಮರಳಿ ಬರುವುದಿಲ್ಲ, ಕೊರೆದ ಹಳೆಯ ಕೋವಿಗೆ ಮಾರುಕಟ್ಟೆಯಲ್ಲಿ ಬೆಲೆಯೂ ಉಳಿಯುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ತಪ್ಪು ಕೋವಿಯದಲ್ಲ. ಇದನ್ನು ಮಾಡಿದ ಕಾಲದಲ್ಲಿ ತೋಟಾ ಕಾಗದದ್ದು, ಒಳಗೆ ರಟ್ಟು ಮತ್ತು ಫೆಲ್ಟ್ ಬಿಲ್ಲೆ. ಚರೆ ನೇರವಾಗಿ ನಳಿಗೆಯ ಗೋಡೆಗೆ ಉಜ್ಜಿ ಚಪ್ಪಟೆಯಾಗಿ ಅಡ್ಡಾದಿಡ್ಡಿ ಹಾರುತ್ತಿತ್ತು. ಅದನ್ನು ಹಿಡಿದಿಡಲೆಂದೇ ಅಷ್ಟು ಬಿಗಿ. 1960ರ ದಶಕದಲ್ಲಿ ಪ್ಲಾಸ್ಟಿಕ್ ಬಟ್ಟಲಿನ ತೋಟಾಗಳು ಬಂದವು; ವಿಂಚೆಸ್ಟರಿನ ಡಬಲ್ ಎ 1965ರದು. ಬಟ್ಟಲಿನೊಳಗೆ ಚರೆ ಗುಂಡಗೇ ಉಳಿದು, ಬಿಗಿ ಕೋವಿ ಇನ್ನಷ್ಟು ಬಿಗಿಯಾಯಿತು. ಹಾಗಾದರೆ ಬದಲಾಗಬೇಕಾದದ್ದು ತೋಟಾ.

ಮೊದಲು ಮಾಡಿದ್ದು ಎಲ್ಲರೂ ಹೇಳುವ ಉಪಾಯ: ಪ್ಲಾಸ್ಟಿಕ್ ಬಟ್ಟಲಿನ ದಳಗಳನ್ನು ಕತ್ತರಿಸಿ ತುಂಬುವುದು. ಹರಹು ಎರಡು ಇಂಚು ಹಿಗ್ಗಿತೋ ಇಲ್ಲವೋ, ನಳಿಗೆಯಲ್ಲಿ ಸೀಸ ಮಾತ್ರ ಧಾರಾಳವಾಗಿ ಅಂಟಿತು. ಒಂದು ಸಂಜೆಯಿಡೀ ಹಿತ್ತಾಳೆ ಬ್ರಷ್ ತಿಕ್ಕಿದ್ದೇ ಬಂತು. ಆಮೇಲೆ ಬಟ್ಟಲು ಬಿಟ್ಟು ಬರೀ ಫೈಬರ್ ಬಿಲ್ಲೆ ಹಾಕಿದೆ. ಅಗ್ಗದ ಬಿಲ್ಲೆಯ ಬದಿಯಿಂದ ಮದ್ದು ಉರಿದ ಅನಿಲ ನುಗ್ಗಿ ಚರೆಯ ನಡುವೆ ತೂತು ಬಿದ್ದಿತು. ಕಾಗದದ ಮೇಲೆ ಮೂವತ್ತು ಇಂಚಿನ ವೃತ್ತ ಎಳೆದು ನೋಡಿದರೆ ಅಂಚಿನಲ್ಲಿ ಚರೆ, ನಡುವೆ ತಟ್ಟೆಯೊಂದು ಸಲೀಸಾಗಿ ನುಸುಳುವಷ್ಟು ಬಯಲು. ಮದ್ದಿನ ಮೇಲೆ ಗಟ್ಟಿ ರಟ್ಟಿನ ಬಿಲ್ಲೆ ಕೂರಿಸಿದ ಮೇಲೆಯೇ ಅದು ಸರಿಹೋದದ್ದು.

ಹರಡುವ ತೋಟಾವನ್ನು ಸಿದ್ಧವಾಗಿಯೂ ಕೊಳ್ಳಬಹುದು. ಹಳೆಯ ಕೋವಿಗೆ ಹೊಂದುವ ಗಿಡ್ಡ ಅಳತೆಯಲ್ಲಿ, ಕಡಿಮೆ ಒತ್ತಡದಲ್ಲಿ ಸಿಗುತ್ತದೆ, ಕೆಲಸವೂ ಚೆನ್ನ. ಇಪ್ಪತ್ತೈದರ ಪೆಟ್ಟಿಗೆಗೆ ಸಾಗಣೆ ಸೇರಿ ಹದಿನೆಂಟು ಡಾಲರಿನಷ್ಟು ಬಿತ್ತು ಎಂದು ನೆನಪು. ವಾರಕ್ಕೆ ನಾಲ್ಕು ಸುತ್ತು ಆಡುವವನಿಗೆ ಅದು ಕಟ್ಟುವುದಿಲ್ಲ. ನಾನೇ ತುಂಬಿದರೆ ಎಂಟು, ಒಂಬತ್ತು ಡಾಲರಿಗೆ ಮುಗಿಯುತ್ತದೆ.

ಕೊನೆಗೆ ಕೈಹಿಡಿದದ್ದು ಮೂರರ ಕೂಟ. ಚರೆ ಮೆತ್ತನೆಯದು, ಸೀಸವನ್ನು ಗಡುಸಾಗಿಸುವ ಆಂಟಿಮನಿ ಕಡಿಮೆಯಿರುವ, ಸಣ್ಣ ಕಾಳಿನ 9ನೇ ನಂಬರು, ಮುಕ್ಕಾಲಿಗಿಂತ ಹೆಚ್ಚು, ಒಂದಕ್ಕಿಂತ ಕಡಿಮೆ ಔನ್ಸ್. ಲೆಕ್ಕಕ್ಕೆ ಐನೂರರಷ್ಟು ಕಾಳು. ಕೆಳಗೆ ರಟ್ಟು, ಫೈಬರ್. ಮೇಲೆ ಕಾಂಡವಿರುವ ಪ್ಲಾಸ್ಟಿಕ್ ಬಿಲ್ಲೆ, ನೋಡಲು ಪುಟ್ಟ ಅಣಬೆಯಂತೆ. ಕಾಂಡ ಚರೆಯೊಳಗೆ ಇಳಿಯುತ್ತದೆ. ನಳಿಗೆಯಿಂದ ಹೊರಬಿದ್ದ ಕ್ಷಣ ಬಿಲ್ಲೆಯನ್ನು ಗಾಳಿ ಹಿಂದಕ್ಕೆ ತಳ್ಳಿ, ಚರೆ ಬದಿಗೆ ಸರಿಯುತ್ತದೆ. 21 ಗಜದಲ್ಲಿ ಹರಹು ಇಪ್ಪತ್ತೈದು, ಇಪ್ಪತ್ತಾರು ಇಂಚು. ಇಂಪ್ರೂವ್ಡ್ ಸಿಲಿಂಡರ್ ಎಂಬ ಸಡಿಲ ಚೋಕಿನ ಹರಹು ಹೆಚ್ಚುಕಡಿಮೆ ಅಷ್ಟೇ! ಬಿಲ್ಲೆ ಜಾಗ ತಿನ್ನುವುದರಿಂದ ತೋಟಾದ ಬಾಯಿ ಮಡಚುವಾಗ ನಡು ಉಬ್ಬಿ ನಿಲ್ಲುತ್ತಿತ್ತು, ಜೇಬಿನಲ್ಲಿ ಚರೆ ಸೋರುತ್ತಿತ್ತು. ಫೈಬರನ್ನು ಎಷ್ಟು ಸೀಳಿ ತೆಳುವಾಗಿಸಿ, ಯಾವ ಕ್ರಮದಲ್ಲಿ ಕೂರಿಸಿದರೆ ಬಾಯಿ ಸಪಾಟಾಗುತ್ತದೆ ಎನ್ನುವುದಕ್ಕೆ ಒಂದು ಚಳಿಗಾಲ ಸವೆಸಿದ್ದೇನೆ. ಅದು ನನ್ನ ಬಳಿಯೇ ಇರಲಿ. ಮದ್ದಿನ ತೂಕವನ್ನೂ ಬರೆಯುವುದಿಲ್ಲ. ನೂರು ವರ್ಷದ ನಳಿಗೆಗೆ ಇನ್ನೊಬ್ಬರ ತೂಕ ನಂಬಬಾರದು, ತಯಾರಕರ ಪಟ್ಟಿ ನೋಡಿ.

ನಡುವೆ ಚಪ್ಪಟೆ ಚರೆಯ ಹುಚ್ಚೂ ಹಿಡಿದಿತ್ತು. ಎರಡು ಉಕ್ಕಿನ ಪಟ್ಟಿಗಳ ನಡುವೆ ಚರೆ ಒತ್ತಿ ಅವಲಕ್ಕಿ ಮಾಡಿ ತುಂಬಿದೆ. ಹರಹೇನೋ ಎಲ್ಲಕ್ಕಿಂತ ಅಗಲ. ಆದರೆ ಒಂದು ಈಡಿನಂತೆ ಇನ್ನೊಂದು ಇಲ್ಲ, ಇಪ್ಪತ್ತೈದು ಗಜ ದಾಟಿದರೆ ಎಲ್ಲೆಂದರಲ್ಲಿ ಬಯಲು. ಮೊದಲನೇ ನಿಲ್ದಾಣದ ಹತ್ತಿರದ ತಟ್ಟೆಗೆ ಈಗಲೂ ಒಂದೆರಡು ಇಟ್ಟುಕೊಂಡಿದ್ದೇನೆ.

ವೇಗ ಹೆಚ್ಚಿಸಿದರೆ ಚರೆ ಇನ್ನಷ್ಟು ಜಜ್ಜಿ ಹರಡುತ್ತದೆ ಎಂದು ಕೆಲವರು ಹೇಳುತ್ತಾರೆ. ನಿಜವೇ, ಆದರೆ ಹಳೆಯ ಮರದ ಹಿಡಿ ಸೀಳುವ ದಾರಿಯೂ ಅದೇ. ಉಕ್ಕಿನ ಚರೆಯಂತೂ ಇಂಥ ಚೋಕಿಗೆ ಬೇಡವೇ ಬೇಡ.

ಎರಡು ಕುದುರೆಯ (ಟ್ರಿಗರಿನ) ಜೋಡುನಳಿಗೆಯಲ್ಲಿ ಇನ್ನೊಂದು ಲಾಭವಿದೆ, ಚೋಕ್ ಕೊರೆಸಿದವರಿಗೆ ಅದು ಸಿಗದು. ಜೋಡಿ ತಟ್ಟೆ ಬಂದಾಗ ಮೊದಲು ಹೊಡೆಯುವ, ದೂರ ಸಾಗುವ ತಟ್ಟೆಗೆ ಎಡನಳಿಗೆಯಲ್ಲಿ ಬಟ್ಟಲಿನ 8ನೇ ನಂಬರು, ಹತ್ತಿರ ಬರುವ ಎರಡನೆಯದಕ್ಕೆ ಬಲನಳಿಗೆಯಲ್ಲಿ ಹರಡುವ ತೋಟಾ. ಕತ್ತಲೆಯಲ್ಲೂ ಅದಲುಬದಲಾಗದಂತೆ ಹರಡುವ ತೋಟಾಗಳನ್ನೆಲ್ಲ ಹಸಿರು ಕೋಶದಲ್ಲೇ ತುಂಬಿ, ಬಲಜೇಬಿಗೆ ಮಾತ್ರ ಹಾಕುತ್ತೇನೆ.